ಜಂಗಮವಿಲ್ಲದ ಚಿತ್ರಗಳು

ಟೊರೊಂಟೊ ನಗರದ ಒಂದು ಚಿತ್ರವನ್ನು ನಾವೆಲ್ಲರೂ ನೋಡಿದ್ದೇವೆ. ಕೆಳಗೆ ಒಂಟಾರಿಯೊ ಸರೋವರದ ನೀರು, ನೀರಿನಾಚೆ ಸಾಲುಗಟ್ಟಿ ನಿಂತ ಗಾಜಿನ ಕಟ್ಟಡಗಳು, ಅವುಗಳ ನಡುವೆ ಸೂಜಿಯಂತೆ ಮೇಲೆದ್ದ ಸಿಎನ್ ಟವರ್. ಸಂಜೆ ಆಗಷ್ಟೇ ಕವಿಯುತ್ತಿದೆ, ಕಿಟಕಿಗಳಲ್ಲಿ ದೀಪ ಹತ್ತಿದೆ, ನೀರಿನಲ್ಲಿ ಆ ದೀಪಗಳ ಬಿಂಬ ನಡುಗುತ್ತಿದೆ. ವೀಸಾ ಏಜೆಂಟರ ಕಚೇರಿಯ ಗೋಡೆಯ ಮೇಲೆ ಈ ಚಿತ್ರವಿದೆ. ಮಗನನ್ನು ಓದಲು ಕಳಿಸಿದ ಅಪ್ಪನ ಮೊಬೈಲಿನಲ್ಲಿ ಈ ಚಿತ್ರವಿದೆ. ಹಬ್ಬದ ಶುಭಾಶಯದ ಜೊತೆ ಅಲ್ಲಿಂದ ಇಲ್ಲಿಗೆ ಬರುವುದೂ ಇದೇ ಚಿತ್ರ. ಅದರಲ್ಲಿ ಒಬ್ಬನೇ ಒಬ್ಬ ಮನುಷ್ಯ ಕಾಣಿಸುವುದಿಲ್ಲ ಎಂಬುದು ಮಾತ್ರ ಯಾರ ಕಣ್ಣಿಗೂ ಬಿದ್ದಂತಿಲ್ಲ.

ಕಟ್ಟಡಗಳು ಆಕಾಶವನ್ನು ಮುಟ್ಟುವ ಆ ಅಂಚುಗೆರೆಗೆ ಸ್ಕೈಲೈನ್ ಎನ್ನುತ್ತಾರೆ. ಕೆನಡಾದ ನಗರಗಳ ಸ್ಕೈಲೈನ್ ಕಳೆದ ಅರವತ್ತು ವರ್ಷಗಳಲ್ಲಿ ಬದಲಾದ ವೇಗ ಬೆರಗು ಹುಟ್ಟಿಸುವಂಥದ್ದು. ಅದನ್ನು ವರ್ಷವರ್ಷವೂ ಚಿತ್ರಿಸುವ ಹವ್ಯಾಸಿಗಳ ದೊಡ್ಡ ಪಡೆಯೇ ಅಲ್ಲಿದೆ. ಅವರ ಶ್ರದ್ಧೆಯ ಬಗ್ಗೆ ನಮಗೆ ತಕರಾರಿಲ್ಲ. ತಕರಾರಿರುವುದು ಆ ಚಿತ್ರವನ್ನು ‘ನಗರದ ಚಿತ್ರ’ ಎಂದು ಕರೆಯುವುದರ ಬಗ್ಗೆ. ಅದು ನಗರದ ಚಿತ್ರವಲ್ಲ. ನಗರದ ನೆಲದ ಬೆಲೆಯ ಚಿತ್ರ. ಭೂಮಿಯ ದರ ಎಲ್ಲಿ ಏರಿದೆಯೋ ಅಲ್ಲಿ ಕಟ್ಟಡವೂ ಏರಿದೆ. ಬ್ಯಾಂಕಿನ ಲೆಕ್ಕಪುಸ್ತಕವನ್ನು ಅಡ್ಡಲಾಗಿ ಹಿಡಿದು ಫೋಟೊ ತೆಗೆದರೆ ಸಿಗುವುದು ಇದೇ ಗೆರೆ.

ಇದು ಇಂದಿನ ವಿದ್ಯಮಾನವೇನೂ ಅಲ್ಲ. ಟೊರೊಂಟೊ ನಗರವನ್ನು ಎತ್ತರದಿಂದ ಸುತ್ತಲೂ ಚಿತ್ರಿಸಿದ ಮೊದಲ ಛಾಯಾಚಿತ್ರಗಳು 1856–57ರ ಸುಮಾರಿಗೆ ಸೇರಿದವು. ಆರ್ಮ್‌ಸ್ಟ್ರಾಂಗ್, ಬಿಯರ್ ಮತ್ತು ಹೈಮ್ ಎಂಬ ಸಂಸ್ಥೆಯವರು ರಾಸಿನ್ ಹೌಸ್ ಹೋಟೆಲಿನ ಚಾವಣಿ ಹತ್ತಿ ಅವನ್ನು ತೆಗೆದರು. ಅದು ಕೆನಡಾ ಪ್ರಾಂತ್ಯಕ್ಕೆ ರಾಜಧಾನಿ ಯಾವುದಾಗಬೇಕೆಂದು ವಿಕ್ಟೋರಿಯಾ ರಾಣಿ ತೀರ್ಮಾನಿಸಬೇಕಿದ್ದ ಕಾಲ. ‘ನಮ್ಮ ಊರನ್ನು ಆರಿಸಿ’ ಎಂದು ಅರಿಕೆ ಮಾಡಿಕೊಳ್ಳಲು ಟೊರೊಂಟೊದವರು ಆ ಚಿತ್ರಗಳನ್ನು ಲಂಡನ್ನಿಗೆ ಕಳಿಸಿದರು. ರಾಣಿ ಆರಿಸಿದ್ದು ಒಟ್ಟಾವವನ್ನು. ಚಿತ್ರಗಳು ಲಂಡನ್ನಿನ ಕಚೇರಿಯೊಂದರಲ್ಲಿ ನೂರಕ್ಕೂ ಹೆಚ್ಚು ವರ್ಷ ದೂಳು ತಿನ್ನುತ್ತ ಬಿದ್ದಿದ್ದವು. ಅಂದರೆ ಈ ನಗರದ ಮೊದಲ ವಿಹಂಗಮ ಚಿತ್ರವೇ ಒಂದು ಜಾಹೀರಾತು. ಆಗ ಗಿರಾಕಿ ರಾಣಿ. ಈಗಿನ ಗಿರಾಕಿ ಹೂಡಿಕೆದಾರ, ಪ್ರವಾಸಿ, ಮತ್ತು ವಿದೇಶಕ್ಕೆ ಹೊರಟು ನಿಂತ ವಿದ್ಯಾರ್ಥಿ.

ಆ ಚಿತ್ರಗಳಲ್ಲಿ ಎದ್ದು ಕಾಣುತ್ತಿದ್ದದ್ದು ಚರ್ಚುಗಳ ಶಿಖರ. ಇಪ್ಪತ್ತನೆಯ ಶತಮಾನದಲ್ಲಿ ಆ ಜಾಗವನ್ನು ಬ್ಯಾಂಕುಗಳು ಹಿಡಿದವು. 1931ರಲ್ಲಿ ಮುಗಿದ 34 ಅಂತಸ್ತಿನ ಬ್ಯಾಂಕ್ ಆಫ್ ಕಾಮರ್ಸ್ ಕಟ್ಟಡ ಮೂರು ದಶಕಗಳ ಕಾಲ ಬ್ರಿಟಿಷ್ ಕಾಮನ್‌ವೆಲ್ತಿನಲ್ಲೇ ಅತಿ ಎತ್ತರದ್ದು. 1967ರಲ್ಲಿ ಮೀಸ್ ವಾನ್ ಡೆರ್ ರೋಹೆ ವಿನ್ಯಾಸದ ಕಪ್ಪು ಗೋಪುರ ಟೊರೊಂಟೊ-ಡೊಮಿನಿಯನ್ ಬ್ಯಾಂಕಿಗಾಗಿ ಎದ್ದಿತು. 1975ರ ಫಸ್ಟ್ ಕೆನೇಡಿಯನ್ ಪ್ಲೇಸ್ 298 ಮೀಟರ್ ಎತ್ತರದ್ದು. ಅದರ ನೆತ್ತಿಯ ಮೇಲೆ ಬ್ಯಾಂಕ್ ಆಫ್ ಮಾಂಟ್ರಿಯಲ್‌ನ ಗುರುತು. ಅದೇ ದಶಕದಲ್ಲಿ ಕಟ್ಟಿದ ರಾಯಲ್ ಬ್ಯಾಂಕ್ ಪ್ಲಾಜಾದ ಕಿಟಕಿಗಾಜುಗಳಿಗೆ ನಿಜವಾದ ಚಿನ್ನದ ಲೇಪವಿದೆ, ಸುಮಾರು 2,500 ಔನ್ಸ್. ಇಳಿಹೊತ್ತಿನಲ್ಲಿ ಆ ಕಟ್ಟಡ ಹೊಳೆಯುವುದನ್ನು ಸೆರೆಹಿಡಿಯಲು ಛಾಯಾಗ್ರಾಹಕರು ಕಾದು ನಿಲ್ಲುತ್ತಾರೆ. ಬ್ಯಾಂಕಿನ ಚಿನ್ನಕ್ಕೆ ಸೂರ್ಯನ ಬೆಳಕು ಬಿದ್ದದ್ದನ್ನು ‘ನಿಸರ್ಗದ ಸೊಬಗು’ ಎಂದು ಕರೆಯುವ ಮೊದಲು ಒಂದು ಕ್ಷಣ ಯೋಚಿಸಬೇಡವೇ?

ಇನ್ನು ಆ ಚಿತ್ರವನ್ನು ತೆಗೆಯುವ ಬಗೆಯನ್ನು ನೋಡೋಣ. ಕ್ಯಾಮರಾ ಯಾವತ್ತೂ ನಗರದ ಒಳಗೆ ನಿಲ್ಲುವುದಿಲ್ಲ. ದೋಣಿ ಹತ್ತಿ ಸರೋವರದ ದ್ವೀಪಕ್ಕೆ ಹೋಗಬೇಕು, ಇಲ್ಲವೇ ಡಾನ್ ಕಣಿವೆಯಾಚೆಯ ರಿವರ್‌ಡೇಲ್ ಪಾರ್ಕಿನ ದಿಬ್ಬದ ಮೇಲೆ ನಿಲ್ಲಬೇಕು. ಉದ್ದನೆಯ ಲೆನ್ಸ್ ಹಾಕಿದರೆ ದೂರದೂರದ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಂತೆ ಕಂಡು, ನಗರ ಇರುವುದಕ್ಕಿಂತ ದಟ್ಟವಾಗಿ, ಬಲಾಢ್ಯವಾಗಿ ತೋರುತ್ತದೆ. ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆ ಇದಕ್ಕೆ ಹೇಳಿಮಾಡಿಸಿದ ಹೊತ್ತು. ಆಕಾಶದಲ್ಲಿ ನೀಲಿ ಉಳಿದಿರುತ್ತದೆ, ಕಿಟಕಿಗಳಲ್ಲಿ ದೀಪವೂ ಇರುತ್ತದೆ. ಬೆಳಕು ಕಡಿಮೆಯಾದ್ದರಿಂದ ಕ್ಯಾಮರಾವನ್ನು ಮುಕ್ಕಾಲಿಯ ಮೇಲಿಟ್ಟು ಇಪ್ಪತ್ತು, ಮೂವತ್ತು ಸೆಕೆಂಡು ಷಟರ್ ತೆರೆದಿಡುತ್ತಾರೆ. ಅಷ್ಟು ಹೊತ್ತಿನಲ್ಲಿ ಅಲ್ಲಾಡದೆ ನಿಂತದ್ದೆಲ್ಲ ಸ್ಪಷ್ಟವಾಗಿ ಮೂಡುತ್ತದೆ. ನಡೆದುಹೋದವನು ಮಾತ್ರ ಅಳಿಸಿಹೋಗುತ್ತಾನೆ. ಅಲೆಗಳು ಕೂಡ ಸವರಿಹೋಗಿ ನೀರು ಕನ್ನಡಿಯಂತಾಗುತ್ತದೆ.

1838ರಲ್ಲಿ ದಾಗೇರ್ ಪ್ಯಾರಿಸ್ಸಿನ ಬೀದಿಯೊಂದರ ಚಿತ್ರ ತೆಗೆದಾಗಲೂ ಹೀಗೇ ಆಗಿತ್ತು. ಗಾಡಿಗಳು, ಜನ ಎಲ್ಲರೂ ಮಾಯವಾಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಅಲ್ಲಾಡದೆ ನಿಂತ ಒಬ್ಬ ಮನುಷ್ಯ ಮಾತ್ರ ಉಳಿದ. ಆಗ ಅದು ತಂತ್ರಜ್ಞಾನದ ಮಿತಿ. ಇಂದು ಹಾಗೆ ತೆಗೆಯುವುದು ನಮ್ಮ ಆಯ್ಕೆ. ಸ್ಥಾವರ ಯಾವುದು, ಜಂಗಮ ಯಾವುದು ಎಂಬ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದಲ್ಲೇ ಎತ್ತಿದ ನಾಡು ನಮ್ಮದು. ಸ್ಕೈಲೈನ್ ಚಿತ್ರ ಸ್ಥಾವರವನ್ನು ಉಳಿಸಿಕೊಂಡು ಜಂಗಮವನ್ನು ಅಳಿಸುತ್ತದೆ. ಇದನ್ನು ನಾವು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಷಟರ್ ಮಾಡುವ ಕೆಲಸವೇ ಅದು.

ಕ್ಯಾಮರಾ ಅಳಿಸಿದ್ದು ದಾರಿಹೋಕರನ್ನು ಮಾತ್ರವಾಗಿದ್ದರೆ ನಾವು ಇಷ್ಟು ಬರೆಯಬೇಕಿರಲಿಲ್ಲ. ಆ ಗೆರೆ ಎದ್ದು ನಿಂತ ನೆಲದಲ್ಲೇ ಹಿಂದೆ ಇದ್ದ ಜನವಸತಿಗಳ ಕತೆ ಬೇರೆಯೇ ಇದೆ. ಟೊರೊಂಟೊದ ಸಿಟಿ ಹಾಲ್ ನೋಡಿ. ಫಿನ್ಲೆಂಡಿನ ವಿಲ್ಯೊ ರೆವೆಲ್ ವಿನ್ಯಾಸ ಮಾಡಿದ, 1965ರಲ್ಲಿ ತೆರೆದ, ಬಾಗಿದ ಎರಡು ಗೋಪುರಗಳ ಆ ಕಟ್ಟಡ ಪೋಸ್ಟ್ ಕಾರ್ಡುಗಳ ಮೆಚ್ಚಿನ ವಸ್ತು. ಅದು ನಿಂತಿರುವ ಪ್ರದೇಶಕ್ಕೆ ಹಿಂದೆ ‘ದ ವಾರ್ಡ್’ ಎಂದು ಹೆಸರಿತ್ತು. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನ, ಬರಗಾಲದಿಂದ ಓಡಿ ಬಂದ ಐರಿಶರು, ಪೂರ್ವ ಯೂರೋಪಿನ ಯೆಹೂದಿಗಳು, ಇಟಾಲಿಯನ್ನರು, ಚೀನೀಯರು ಒಬ್ಬರಾದ ಮೇಲೊಬ್ಬರು ಬಂದು ನೆಲೆಸಿದ ಕೇರಿ ಅದು. 1911ರಲ್ಲಿ ನಗರದ ಆರೋಗ್ಯಾಧಿಕಾರಿ ಚಾರ್ಲ್ಸ್ ಹೇಸ್ಟಿಂಗ್ಸ್ ಕೊಳೆಗೇರಿಗಳ ವರದಿ ಬರೆದರು. ಅದೇ ವರ್ಷ ನಗರದ ಅಧಿಕೃತ ಛಾಯಾಗ್ರಾಹಕರಾಗಿ ನೇಮಕಗೊಂಡ ಆರ್ಥರ್ ಗಾಸ್ ಅಲ್ಲಿನ ಹಿತ್ತಲು, ಒಡೆದ ಗೋಡೆ, ನಲ್ಲಿಯ ಬಳಿ ನಿಂತ ಮಕ್ಕಳು, ಎಲ್ಲವನ್ನೂ ಚಿತ್ರಿಸಿದರು. ನೀರು, ಚರಂಡಿ ಕೊಡಬೇಕೆಂಬ ವಾದಕ್ಕೆ ಆ ಚಿತ್ರಗಳು ಬಲ ಕೊಟ್ಟವು, ನಿಜ. ಮುಂದೆ ಇಡೀ ಕೇರಿಯನ್ನೇ ಕೆಡವಲು ಸಾಕ್ಷಿಯಾಗಿ ನಿಂತದ್ದೂ ಅಂಥ ಚಿತ್ರಗಳೇ. ಸಿಟಿ ಹಾಲಿಗಾಗಿ ಹಳೆಯ ಚೈನಾಟೌನಿನ ದೊಡ್ಡ ಪಾಲು ನೆಲಸಮವಾಯಿತು. ಅಲ್ಲಿನವರು ಪಶ್ಚಿಮಕ್ಕೆ, ಸ್ಪಡೈನಾ ರಸ್ತೆಯತ್ತ ಸರಿದರು. 2015ರಲ್ಲಿ ಹೊಸ ನ್ಯಾಯಾಲಯಕ್ಕಾಗಿ ಅದೇ ವಾರ್ಡಿನ ವಾಹನ ನಿಲ್ದಾಣವೊಂದನ್ನು ಅಗೆದಾಗ ಕಪ್ಪು ಜನರ ಹಳೆಯ ಚರ್ಚಿನ ತಳಪಾಯ ಸಿಕ್ಕಿತು.

ಮಾಂಟ್ರಿಯಲ್ಲಿನ ಕತೆ ಇನ್ನೂ ಕಟುವಾದದ್ದು. 1963ರಲ್ಲಿ ಫೊಬೂರ್ ಅ ಮ್ಲಾಸ್ ಎಂಬ ಕಾರ್ಮಿಕರ ಬಡಾವಣೆಯಿಂದ ಸುಮಾರು 5,000 ಜನರನ್ನು ಎಬ್ಬಿಸಿ, ರೇಡಿಯೊ-ಕೆನಡಾ ಪ್ರಸಾರ ಸಂಸ್ಥೆಯ ಗೋಪುರಕ್ಕಾಗಿ ನೆಲ ಸಮ ಮಾಡಲಾಯಿತು. ಕೆಡವುವ ಮೊದಲು ಪುರಸಭೆಯ ಛಾಯಾಗ್ರಾಹಕರು ಬೀದಿಬೀದಿಯ ಚಿತ್ರ ತೆಗೆದು ಕಡತಕ್ಕೆ ಸೇರಿಸಿದರು. ಮನೆ ಕಳೆದುಕೊಳ್ಳುವವರಿಗೆ ಪರಿಹಾರದ ಲೆಕ್ಕ ಹಾಕಲು ಬೇಕಾಗಿದ್ದ ದಾಖಲೆ ಅದು. ಐದು ದಶಕದ ನಂತರ, 2011ರಲ್ಲಿ, ಅಲ್ಲಿನ ಇತಿಹಾಸ ಕೇಂದ್ರ ಅವೇ ಚಿತ್ರಗಳನ್ನು ‘ಕಣ್ಮರೆಯಾದ ಬಡಾವಣೆಗಳು’ ಎಂಬ ಪ್ರದರ್ಶನಕ್ಕೆ ತಂದಿತು. ಅಷ್ಟು ಜನರ ಬದುಕು ಕಿತ್ತು ಕಟ್ಟಿದ ಗೋಪುರದ ಸುತ್ತ ದಶಕಗಳ ಕಾಲ ಇದ್ದದ್ದು ಕಾರು ನಿಲ್ಲಿಸುವ ಬಯಲು. 2020ರಲ್ಲಿ ಪ್ರಸಾರ ಸಂಸ್ಥೆ ಆ ಗೋಪುರವನ್ನೂ ಬಿಟ್ಟು ಪಕ್ಕದ ಹೊಸ ಕಟ್ಟಡಕ್ಕೆ ಹೋಯಿತು.

ಹ್ಯಾಲಿಫ್ಯಾಕ್ಸಿನ ಆಫ್ರಿಕ್‌ವಿಲ್ ಕಪ್ಪು ಜನ ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿದ ಹಳ್ಳಿ. ನಗರಸಭೆ ಅವರಿಂದ ತೆರಿಗೆ ವಸೂಲಿ ಮಾಡಿತು, ನೀರು ಕೊಡಲಿಲ್ಲ, ಚರಂಡಿ ಕೊಡಲಿಲ್ಲ. ಊರಿನ ಕಸದ ಗುಂಡಿಯನ್ನು ತಂದು ಅವರ ಪಕ್ಕದಲ್ಲಿಟ್ಟಿತು. ಆಮೇಲೆ ‘ಈ ಜಾಗ ಕೊಳಕಾಗಿದೆ’ ಎಂದು ತಾನೇ ತೀರ್ಪು ಕೊಟ್ಟು 1964ರಿಂದ 1970ರೊಳಗೆ ಒಂದೊಂದೇ ಮನೆ ಕೆಡವಿತು. ಜನರ ಸಾಮಾನು ಸಾಗಿಸಿದ್ದು ನಗರಸಭೆಯ ಕಸದ ಲಾರಿಗಳಲ್ಲಿ. ಅವರ ಚರ್ಚನ್ನು 1967ರ ನವೆಂಬರಿನ ಒಂದು ರಾತ್ರಿ ಉರುಳಿಸಲಾಯಿತು. ನಗರಸಭೆ ಕ್ಷಮೆ ಕೇಳಿದ್ದು 2010ರಲ್ಲಿ. ಇಂದು ಆ ಜಾಗದ ಪಕ್ಕದಿಂದಲೇ ಹಾದುಹೋಗುವ ದೊಡ್ಡ ಸೇತುವೆಯ ಚಿತ್ರಗಳಿಗೆ ಕೊರತೆಯಿಲ್ಲ. ವ್ಯಾಂಕೂವರಿನಲ್ಲಿ ಹೋಗನ್ಸ್ ಅಲಿ ಎಂಬ ಕಪ್ಪು ಜನರ ಬೀದಿ, ಸಂಗೀತಗಾರ ಜಿಮಿ ಹೆಂಡ್ರಿಕ್ಸ್‌ರ ಅಜ್ಜಿ ಬಾಳಿದ ಪರಿಸರ, 1972ರಲ್ಲಿ ತೆರೆದ ಮೇಲ್ಸೇತುವೆಗಳ ಅಡಿ ಹೋಯಿತು. ನಾಲ್ಕು ನಗರ, ನಾಲ್ಕು ಕೇರಿ. ಎಬ್ಬಿಸಲ್ಪಟ್ಟವರು ಎಲ್ಲ ಕಡೆಯೂ ಬಡವರು, ವಲಸಿಗರು, ಕಪ್ಪು ಜನ. ಇದನ್ನು ಕಾಕತಾಳೀಯ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಕೆಡವಿದವರ ಮಾತು ಹಾಗಿರಲಿ, ಕಟ್ಟಿದವರಾದರೂ ಚಿತ್ರದಲ್ಲಿದ್ದಾರೆಯೇ? ಕ್ರೇನುಗಳನ್ನು ಎಣಿಸುವ ಸಮೀಕ್ಷೆಗಳಲ್ಲಿ ಉತ್ತರ ಅಮೆರಿಕದ ನಗರಗಳ ಪೈಕಿ ಟೊರೊಂಟೊ ಹಲವು ವರ್ಷ ಮೊದಲ ಸ್ಥಾನದಲ್ಲಿತ್ತು. ಛಾಯಾಗ್ರಾಹಕರೂ ಕ್ರೇನ್ ಎಣಿಸುತ್ತಾರೆ, ಅಂತಸ್ತು ಎಣಿಸುತ್ತಾರೆ. 1960ರ ಮಾರ್ಚ್ 17ರಂದು ಟೊರೊಂಟೊದ ಹಾಗ್ಸ್ ಹಾಲೊ ಎಂಬಲ್ಲಿ ನೀರಿನ ಕೊಳವೆಯ ಸುರಂಗದೊಳಗೆ ಐವರು ಇಟಾಲಿಯನ್ ಕೂಲಿಗಳು ಸತ್ತರು. 2009ರ ಡಿಸೆಂಬರ್ 24ರಂದು, ಕ್ರಿಸ್ಮಸ್‌ನ ಹಿಂದಿನ ದಿನ, ಕಿಪ್ಲಿಂಗ್ ಅವೆನ್ಯೂದ ಎತ್ತರದ ವಸತಿ ಕಟ್ಟಡವೊಂದರ ಬಾಲ್ಕನಿ ರಿಪೇರಿಗೆ ತೂಗುಹಾಕಿದ್ದ ಅಟ್ಟಣಿಗೆ ಮುರಿದು ನಾಲ್ವರು ವಲಸೆ ಕಾರ್ಮಿಕರು ಸತ್ತರು. ಅಟ್ಟಣಿಗೆಯಲ್ಲಿದ್ದವರ ಸಂಖ್ಯೆಗೆ ತಕ್ಕಷ್ಟು ರಕ್ಷಣಾ ಹಗ್ಗಗಳೇ ಅಲ್ಲಿರಲಿಲ್ಲ. ಗುತ್ತಿಗೆ ಕಂಪನಿಗೆ ಮೇಲ್ಮನವಿಯಲ್ಲಿ ಏಳೂವರೆ ಲಕ್ಷ ಡಾಲರ್ ದಂಡ ಬಿದ್ದಿತು. 2016ರಲ್ಲಿ ಮೇಲ್ವಿಚಾರಕನಿಗೆ ಮೂರೂವರೆ ವರ್ಷ ಜೈಲು ಶಿಕ್ಷೆಯಾಯಿತು. ಇದಕ್ಕೂ ಹಿಂದೆ, 1907ರಲ್ಲಿ, ಕ್ವಿಬೆಕ್ ಸೇತುವೆ ಕಟ್ಟುವಾಗಲೇ ಕುಸಿದು ಸತ್ತ 75 ಮಂದಿಯಲ್ಲಿ 33 ಮಂದಿ ಕಾನಾವಾಕೆ ಎಂಬ ಒಂದೇ ಊರಿನ ಮೊಹಾಕ್ ಮೂಲನಿವಾಸಿಗಳು. ಉತ್ತರ ಅಮೆರಿಕದ ಎತ್ತರದ ಕಬ್ಬಿಣದ ಕೆಲಸಕ್ಕೆ ಆ ಸಮುದಾಯ ತಲೆತಲಾಂತರದಿಂದ ಮೈಕೊಟ್ಟಿದೆ. ಸ್ಕೈಲೈನಿನ ಒಂದೊಂದು ಗೆರೆಯೂ ಯಾರದೋ ಬೆವರಿನದು, ಕೆಲವು ರಕ್ತದವು. ಗಲ್ಫಿನ ಕಟ್ಟಡಗಳಿಗೆ ದುಡಿಯಲು ಗಂಡಸರನ್ನು ಕಳಿಸಿಕೊಟ್ಟ ನಮ್ಮ ಕರಾವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮಾತಿಗೆ ಬರುವ ಮೊದಲ ಆಕ್ಷೇಪ ನಮಗೆ ಗೊತ್ತು. ‘ಜನ ಹೆಚ್ಚಿದ್ದಾರೆ, ಮನೆ ಬೇಕು, ಮೇಲಕ್ಕೆ ಕಟ್ಟದೆ ಇನ್ನೇನು ಮಾಡಬೇಕು?’ ಮನೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಕಟ್ಟಿದ್ದೆಲ್ಲ ಮನೆಯೇ ಎಂಬುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಟೊರೊಂಟೊ ಪ್ರದೇಶದ ಕಾಂಡೊ ಫ್ಲ್ಯಾಟುಗಳಲ್ಲಿ ಮೂರರಲ್ಲೊಂದಕ್ಕೂ ಹೆಚ್ಚು ಹೂಡಿಕೆಯಾಗಿ ಬಳಕೆಯಾಗುತ್ತಿವೆ ಎಂದು ಅಲ್ಲಿನ ಸರಕಾರಿ ಅಂಕಿಅಂಶ ಸಂಸ್ಥೆಯೇ ಹೇಳಿದೆ. ಅವು ಬದುಕುವ ಸಂಸಾರದ ಅಳತೆಗಿಂತ ಮರುಮಾರಾಟದ ಅಳತೆಗೆ ಕಟ್ಟಿದವು. ಆದ್ದರಿಂದಲೇ ಬಡ್ಡಿದರ ಏರಿದೊಡನೆ 2024ರಲ್ಲಿ ಹೊಸ ಕಾಂಡೊಗಳ ಮಾರಾಟ ದಶಕಗಳಲ್ಲೇ ಅತಿ ಕೆಳಕ್ಕೆ ಕುಸಿಯಿತು. ಬ್ಲೋರ್ ಮತ್ತು ಯಂಗ್ ರಸ್ತೆಗಳ ಮೂಲೆಯಲ್ಲಿ ಎಂಬತ್ತಕ್ಕೂ ಹೆಚ್ಚು ಅಂತಸ್ತಿಗೆ ಹೊರಟಿದ್ದ ‘ದ ವನ್’ ಎಂಬ ಗೋಪುರ 2023ರ ಅಕ್ಟೋಬರಿನಲ್ಲಿ ಸಾಲದ ಹೊರೆಯಿಂದ ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಸೇರಿತು. ವ್ಯಾಂಕೂವರ್ 2017ರಿಂದ ಖಾಲಿ ಮನೆಗಳ ಮೇಲೇ ತೆರಿಗೆ ಹಾಕಬೇಕಾಗಿ ಬಂದಿತು. ಮನೆಯಿಲ್ಲದವರು ಬೀದಿಯಲ್ಲಿ, ಮನುಷ್ಯರಿಲ್ಲದ ಮನೆಗಳು ಆಕಾಶದಲ್ಲಿ ಎಂಬ ಸ್ಥಿತಿಗೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಕ್ಯಾಲ್ಗರಿಯದು ಎಣ್ಣೆಯ ಹಣದ ಸ್ಕೈಲೈನ್. 2012ರಲ್ಲಿ ನಾರ್ಮನ್ ಫಾಸ್ಟರ್ ವಿನ್ಯಾಸದ 58 ಅಂತಸ್ತಿನ ‘ದ ಬೋ’ ತಲೆಯೆತ್ತಿತು. ಎರಡು ವರ್ಷದಲ್ಲಿ ಕಚ್ಚಾತೈಲದ ಬೆಲೆ ಬಿದ್ದಿತು. 2021ರ ಹೊತ್ತಿಗೆ ನಗರಕೇಂದ್ರದ ಕಚೇರಿ ಜಾಗದಲ್ಲಿ ಸುಮಾರು ಮೂರನೇ ಒಂದು ಪಾಲು ಖಾಲಿ. ಖಾಲಿ ಕಚೇರಿಗಳನ್ನು ಮನೆಗಳಾಗಿ ಮಾರ್ಪಡಿಸಲು ನಗರಸಭೆಯೇ ಹಣ ಕೊಡಬೇಕಾಯಿತು. ದೂರದಿಂದ ತೆಗೆದ ಚಿತ್ರದಲ್ಲಿ ತುಂಬಿದ ಕಟ್ಟಡವೂ ಒಂದೇ, ಖಾಲಿ ಕಟ್ಟಡವೂ ಒಂದೇ.

ಹಾಗೆಂದು ಎತ್ತರವೆಲ್ಲ ಅನ್ಯಾಯ ಎಂದು ನಾವು ಹೇಳುತ್ತಿಲ್ಲ. ವ್ಯಾಂಕೂವರಿನ ಸೆನಾಕ್ ಎಂಬ ಜಾಗದಿಂದ 1913ರಲ್ಲಿ ಸ್ಕ್ವಾಮಿಶ್ ಮೂಲನಿವಾಸಿಗಳನ್ನು ನಾವೆಯಲ್ಲಿ ತುಂಬಿ ಸಾಗಹಾಕಿ ಅವರ ಮನೆಗಳಿಗೆ ಬೆಂಕಿ ಇಡಲಾಗಿತ್ತು. ದೀರ್ಘ ಕಾನೂನು ಹೋರಾಟದ ಬಳಿಕ ಈ ಶತಮಾನದ ಆರಂಭದಲ್ಲಿ ಸುಮಾರು ಹತ್ತೂವರೆ ಎಕರೆ ಮಾತ್ರ ಅವರಿಗೆ ಮರಳಿತು. ಅಲ್ಲಿ 11 ಗೋಪುರಗಳಲ್ಲಿ 6,000ದಷ್ಟು ಬಾಡಿಗೆ ಮನೆಗಳನ್ನು ಕಟ್ಟುವ ಕೆಲಸವನ್ನು 2022ರಲ್ಲಿ ಅವರು ಆರಂಭಿಸಿದರು. ಕೂಡಲೇ ನೆರೆಯ ಸಿರಿವಂತ ಬಡಾವಣೆಯವರಿಗೆ ನಗರದ ಅಂದದ ಚಿಂತೆ ಹತ್ತಿತು; ವಿಷಯ ನ್ಯಾಯಾಲಯದ ತನಕ ಹೋಯಿತು. ಬ್ಯಾಂಕು ಕಟ್ಟಿದರೆ ಪ್ರಗತಿ, ನೆಲದ ಮೂಲ ಒಡೆಯ ಕಟ್ಟಿದರೆ ವಿಕಾರ! ನೆಲ ಯಾರದು, ಮನೆ ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲಷ್ಟೇ ಎತ್ತರದ ಮಾತು. ಚಿತ್ರ ನೋಡುವವನಿಗೆ ಆ ಪ್ರಶ್ನೆಯೇ ಹೊಳೆಯದಂತೆ ಮಾಡುವುದು ನಮ್ಮ ಆಕ್ಷೇಪದ ತಿರುಳು.

ಎರಡನೆಯ ಆಕ್ಷೇಪ ಸೌಂದರ್ಯವಾದಿಗಳದ್ದು. ‘ಚೆಂದ ಕಂಡದ್ದನ್ನು ಚಿತ್ರಿಸಿದ್ದೇವೆ, ಅದಕ್ಕೆ ರಾಜಕೀಯ ಬೆರೆಸಬೇಡಿ’ ಎನ್ನುತ್ತಾರೆ. ರಾಜಕೀಯವನ್ನು ಬೆರೆಸಿದವರು ನಾವಲ್ಲ. ಮಾಂಟ್ರಿಯಲ್ಲಿನ ಯಾವ ಕಟ್ಟಡವೂ ಮೌಂಟ್ ರಾಯಲ್ ಬೆಟ್ಟವನ್ನು ಮೀರಬಾರದು, ಸಮುದ್ರಮಟ್ಟದಿಂದ 232.5 ಮೀಟರ್ ದಾಟಬಾರದು ಎಂಬ ನಿಯಮವಿದೆ. ಅಲ್ಲಿನ ಸ್ಕೈಲೈನ್ ಬೆಟ್ಟದ ಮುಂದೆ ತಗ್ಗಿ ನಿಂತದ್ದು ಆ ನಿಯಮದಿಂದ. ವ್ಯಾಂಕೂವರಿನಲ್ಲಿ ಬೀದಿಯಿಂದ ಉತ್ತರದ ಬೆಟ್ಟಗಳು ಕಾಣಲೆಂದು 1989ರಲ್ಲಿ ನೋಟದ ಪಟ್ಟಿಗಳನ್ನು ಗುರುತಿಸಿ ಅಲ್ಲಿ ಕಟ್ಟಡದ ಎತ್ತರಕ್ಕೆ ಮಿತಿ ಹಾಕಿದರು. 2024ರಲ್ಲಿ ನಗರಸಭೆ ಆ ಮಿತಿಗಳಲ್ಲಿ ಹಲವನ್ನು ಸಡಿಲಿಸಿತು. ಬೆಟ್ಟ ಎಲ್ಲರಿಗೂ ಕಾಣಬೇಕೋ, ಮೂವತ್ತನೆಯ ಮಹಡಿಯಲ್ಲಿ ಫ್ಲ್ಯಾಟ್ ಕೊಂಡವನಿಗೆ ಮಾತ್ರ ಕಾಣಬೇಕೋ ಎಂಬುದನ್ನು ಮತದಾನದಿಂದ ತೀರ್ಮಾನಿಸುತ್ತಾರೆ. ಅಂದ ಮೇಲೆ ಚೆಂದ ಮತ್ತು ರಾಜಕೀಯ ಬೇರೆ ಬೇರೆ ಹೇಗಾದಾವು?

ಆ ಚೆಂದದ ಇನ್ನೊಂದು ಮುಖವನ್ನು ತೋರಿಸಿದವರು ಹಕ್ಕಿಪ್ರಿಯರು. ದೀಪ ಹತ್ತಿದ ಗಾಜಿಗೆ ಬಡಿದು ವಲಸೆ ಹಕ್ಕಿಗಳು ಸಾಯುತ್ತವೆ. 1993ರಲ್ಲಿ ಟೊರೊಂಟೊದಲ್ಲಿ ಹುಟ್ಟಿದ ‘ಫ್ಲ್ಯಾಪ್’ ಸಂಘಟನೆಯ ಸ್ವಯಂಸೇವಕರು ನಸುಕಿಗೇ ಎದ್ದು ಗೋಪುರಗಳ ಬುಡದಲ್ಲಿ ಬಿದ್ದ ಹಕ್ಕಿಗಳನ್ನು ಆಯುತ್ತಾರೆ. ಸತ್ತವನ್ನು ವರ್ಷಕ್ಕೊಮ್ಮೆ ಬಣ್ಣಬಣ್ಣದ ಸಾಲುಗಳಲ್ಲಿ ನೆಲದ ಮೇಲೆ ಜೋಡಿಸಿ ಜನರಿಗೆ ತೋರಿಸುತ್ತಾರೆ. ಆ ಸಾಲುಗಳ ಛಾಯಾಚಿತ್ರವೂ ಟೊರೊಂಟೊದ ಸ್ಕೈಲೈನಿನ ಚಿತ್ರವೇ, ಬುಡದಿಂದ ತೆಗೆದದ್ದು.

ಇನ್ನು ನಮ್ಮ ಪಾಲಿನ ಮಾತು. ದೂರದ ಕೆನಡಾದ ಕಟ್ಟಡಗಳ ಬಗ್ಗೆ ಕನ್ನಡದ ಪತ್ರಿಕೆಯೊಂದು ಇಷ್ಟು ತಲೆಕೆಡಿಸಿಕೊಳ್ಳುವುದೇಕೆ? ಆ ಚಿತ್ರವನ್ನು ನಂಬಿ ನಮ್ಮ ಮನೆಗಳು ಸಾಲ ಮಾಡಿವೆ, ಅದಕ್ಕೆ. ಏಜೆಂಟರ ಗೋಡೆಯಲ್ಲಿ ಸಿಎನ್ ಟವರ್ ಇದೆ. ಬ್ರಾಂಪ್ಟನ್ನಿನ ನೆಲಮಾಳಿಗೆ ಇಲ್ಲ. ಭಾರತದಿಂದ ಹೋದ ಎಷ್ಟೋ ವಿದ್ಯಾರ್ಥಿಗಳು ಮನೆಯೊಂದರ ಬೇಸ್‌ಮೆಂಟಿನಲ್ಲಿ ಹಾಸಿಗೆಗೆ ಹಾಸಿಗೆ ತಾಗಿಸಿ ಮಲಗುತ್ತಾರೆ. ಕಿಟಕಿ ಇದ್ದರೆ ಅದೂ ನೆಲಮಟ್ಟದಲ್ಲಿ, ಅಲ್ಲಿಂದ ಕಾಣುವುದು ದಾರಿಹೋಕರ ಕಾಲು. 2024ರ ಜನವರಿಯಲ್ಲಿ ಕೆನಡಾ ಸರಕಾರ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಘೋಷಿಸಿದಾಗ ಹೇಳಿದ ಕಾರಣಗಳಲ್ಲಿ ವಸತಿಯ ಒತ್ತಡವೂ ಒಂದು. ಶುಲ್ಕ ವಸೂಲಿ ಮಾಡುವಾಗ ಬೇಕಾಗಿದ್ದ ಹುಡುಗ ಹುಡುಗಿಯರು ಬಾಡಿಗೆ ಏರಿದಾಗ ಹೊರೆಯಾದರು. ಅಲ್ಲಿಂದ ಮಕ್ಕಳು ಮನೆಗೆ ಕಳಿಸುವುದು ಮಾತ್ರ ಸರೋವರದ ದಡದ ಚಿತ್ರ. ಹೆತ್ತವರು ನೊಂದಾರು ಎಂಬ ಕಕ್ಕುಲಾತಿ ಅದರಲ್ಲಿದೆ, ನಮಗೆ ಅರ್ಥವಾಗುತ್ತದೆ. ಆ ಕಕ್ಕುಲಾತಿಯ ಚಿತ್ರವನ್ನೇ ನೋಡಿ ಪಕ್ಕದ ಮನೆಯವರು ಜಮೀನು ಅಡವಿಡುತ್ತಾರೆ.

ಟೊರೊಂಟೊದಲ್ಲೇ ಥಾರ್ನ್‌ಕ್ಲಿಫ್ ಪಾರ್ಕ್ ಎಂಬ ಪ್ರದೇಶವಿದೆ. ಮುಖ್ಯವಾಗಿ 1960ರ ದಶಕದಲ್ಲಿ ಕಟ್ಟಿದ ಗೋಪುರಗಳು. ಪಾಕಿಸ್ತಾನ, ಅಫಘಾನಿಸ್ತಾನ, ಭಾರತದಿಂದ ಬಂದ ಮುಸ್ಲಿಂ ಕುಟುಂಬಗಳು ಅಲ್ಲಿ ಕಿಕ್ಕಿರಿದು ಬಾಳುತ್ತಿವೆ. ಎತ್ತರದ ಕಟ್ಟಡಗಳೇ ಆದರೂ ಅವು ಯಾರ ಕ್ಯಾಲೆಂಡರಿಗೂ ಏರಿಲ್ಲ. 2021ರಲ್ಲಿ ಹೊಸ ಮೆಟ್ರೊ ಮಾರ್ಗದ ರೈಲು ನಿಲುಗಡೆ ಅಂಗಳಕ್ಕೆ ಅಲ್ಲಿನ ಜಾಗವನ್ನೇ ಆರಿಸಿದಾಗ ಅಂಗಡಿಕಾರರು ಮತ್ತು ನಿವಾಸಿಗಳು ಪ್ರತಿಭಟಿಸಿದರು. ಮೆಟ್ರೊ ಬೇಡ ಎಂದಲ್ಲ, ಪ್ರತಿ ಸಲವೂ ನಾವೇ ಏಕೆ ಜಾಗ ಬಿಡಬೇಕು ಎಂಬುದು ಅಲ್ಲಿದ್ದ ಪ್ರಶ್ನೆ. ಇನ್ನೂ ಹಿಂದಕ್ಕೆ ಹೋದರೆ, ಕೆನಡಾದ ಮೊದಲ ಮಸೀದಿ, ಎಡ್ಮಂಟನ್ನಿನ ಅಲ್ ರಶೀದ್, 1938ರಲ್ಲಿ ತೆರೆಯಿತು. ಹಿಲ್ವಿ ಹಮ್ದೂನ್ ಎಂಬ ಮಹಿಳೆಯ ಮುಂದಾಳ್ತನದಲ್ಲಿ ಮುಸ್ಲಿಮರೂ ಇತರರೂ ಹಣ ಕೊಟ್ಟು, ಉಕ್ರೇನ್ ಮೂಲದ ಗುತ್ತಿಗೆದಾರರೊಬ್ಬರು ಕಟ್ಟಿದ ಕಟ್ಟಡ ಅದು. ನೋಡಲು ಅರ್ಧ ಚರ್ಚಿನಂತೆಯೇ ಇದೆ. ಕೆಡವುವ ಮಾತು ಬಂದಾಗ ಮುಸ್ಲಿಂ ಮಹಿಳೆಯರ ಸಂಘಟನೆ ಹೋರಾಡಿ ಅದನ್ನು ಉಳಿಸಿತು. 1992ರಲ್ಲಿ ಅದು ಫೋರ್ಟ್ ಎಡ್ಮಂಟನ್ ಉದ್ಯಾನದಲ್ಲಿ ಮತ್ತೆ ತೆರೆಯಿತು. ಎಡ್ಮಂಟನ್ನಿನ ಸ್ಕೈಲೈನಿನಲ್ಲಿ ಅದು ಕಾಣುವುದಿಲ್ಲ. ಆ ನಗರದ ಕತೆ ಹೇಳಲು ಯಾವ ಗೋಪುರಕ್ಕಿಂತಲೂ ಅದೇ ಹೆಚ್ಚು ಸಮರ್ಥ.

ಈ ಟೀಕೆಯನ್ನು ನಾವು ಕೆನಡಾದವರಿಗೆ ಮಾತ್ರ ಮೀಸಲಿಡುತ್ತಿಲ್ಲ. ಬರಿಗಾಲ ಕುರಿಗಾಹಿಗಳು ಎತ್ತರದ ಕಟ್ಟಡಗಳಲ್ಲಿ ಪೈಪೋಟಿಗಿಳಿಯುವುದನ್ನು ಅಂತ್ಯಕಾಲದ ಕುರುಹಾಗಿ ಎಣಿಸಿದ ಹದೀಸ್ ಮುಸ್ಲಿಮರಿಗೆಲ್ಲ ಗೊತ್ತು. ಎತ್ತರದಲ್ಲೆಲ್ಲ ಹೆಗ್ಗುರುತು ನಿಲ್ಲಿಸಿ ಬೀಗಿದ ಆದ್ ಜನಾಂಗದ ಕತೆಯನ್ನು ಕುರ್‌ಆನ್ ಎಚ್ಚರಿಕೆಯಾಗಿ ಹೇಳುತ್ತದೆ. ಅದನ್ನು ಓದುವ ಜನವೇ ಮಕ್ಕಾದಲ್ಲಿ ಹರಮ್‌ನ ಎದುರು 2002ರಲ್ಲಿ ಅಜ್ಯಾದ್ ಕೋಟೆಯನ್ನು ಕೆಡವಿ 601 ಮೀಟರ್ ಎತ್ತರದ ಗಡಿಯಾರ ಗೋಪುರ ಎಬ್ಬಿಸಿತು. ಟೊರೊಂಟೊದ ಆಗಾ ಖಾನ್ ವಸ್ತುಸಂಗ್ರಹಾಲಯ 2014ರಲ್ಲಿ ತೆರೆದ ಸುಂದರ ಕಟ್ಟಡ. ಅದು ನಿಂತ ಆವರಣಕ್ಕಾಗಿ ಕೆಡವಿದ್ದು ನಮಗೆಲ್ಲ ಪರಿಚಿತವಾದ ಬಾಟಾ ಕಂಪನಿಯ ಹಳೆಯ ಮುಖ್ಯ ಕಚೇರಿಯನ್ನು. ಕಟ್ಟುವವರ ಧರ್ಮ ಯಾವುದಾದರೂ ಕೆಡವಿದ್ದನ್ನು ಹೇಳಬೇಕಾದ ಹೊಣೆ ಒಂದೇ.

ಹಾಗಾದರೆ ಛಾಯಾಗ್ರಾಹಕ ಏನು ಮಾಡಬೇಕು? ಕ್ಯಾಮರಾ ಮಡಚಿಡಿ ಎಂದು ನಾವು ಹೇಳುವುದಿಲ್ಲ. ದಾರಿ ತೋರಿಸಿದವರು ಅಲ್ಲೇ ಇದ್ದಾರೆ. ಜರ್ಮನಿಯಿಂದ 1952ರಲ್ಲಿ ಕೆನಡಾಕ್ಕೆ ವಲಸೆ ಬಂದ ಫ್ರೆಡ್ ಹರ್ಜೋಗ್ ಹಗಲು ವೈದ್ಯಕೀಯ ಛಾಯಾಗ್ರಾಹಕರಾಗಿ ದುಡಿದು, ಬಿಡುವಿನಲ್ಲಿ ವ್ಯಾಂಕೂವರಿನ ಬೀದಿಗಳನ್ನು ಕೊಡಾಕ್ರೋಮ್ ಬಣ್ಣದ ಫಿಲ್ಮಿನಲ್ಲಿ ದಶಕಗಟ್ಟಲೆ ಚಿತ್ರಿಸಿದರು. ಕ್ಷೌರದಂಗಡಿ, ಹಳೆ ಸಾಮಾನಿನ ಅಂಗಡಿ, ಮೂಲೆಯಲ್ಲಿ ನಿಂತ ಮುದುಕ, ಚೈನಾಟೌನಿನ ಮಕ್ಕಳು. 2007ರಲ್ಲಿ ವ್ಯಾಂಕೂವರ್ ಕಲಾಶಾಲೆಯಲ್ಲಿ ಅವು ದೊಡ್ಡದಾಗಿ ಪ್ರದರ್ಶನಗೊಳ್ಳುವ ಹೊತ್ತಿಗೆ ಆ ಬೀದಿಗಳು ಬಹುಪಾಲು ಮಾಯವಾಗಿದ್ದವು. 2019ರಲ್ಲಿ ಅವರು ತೀರಿಕೊಂಡರು. ಇಂದು ಹಳೆಯ ವ್ಯಾಂಕೂವರಿನಲ್ಲಿ ಜನ ಹೇಗೆ ಬದುಕಿದರೆಂದು ತಿಳಿಯಬೇಕಾದರೆ ಆ ಸ್ಲೈಡುಗಳೇ ಗತಿ. ಇಟಲಿ ಮೂಲದ ವಿಂಚೆಂಜೊ ಪಿಯೆಟ್ರೊಪಾವೊಲೊ ಟೊರೊಂಟೊದ ವಲಸಿಗರನ್ನು, ಕೆನ್ಸಿಂಗ್ಟನ್ ಮಾರುಕಟ್ಟೆಯನ್ನು, ಹೊರದೇಶಗಳಿಂದ ಬಂದು ಹೊಲದಲ್ಲಿ ದುಡಿಯುವ ಕೂಲಿಗಳನ್ನು ಅವರ ನಡುವೆಯೇ ನಿಂತು ಚಿತ್ರಿಸಿದರು. ಇವರಿಬ್ಬರೂ ವಲಸಿಗರು ಎಂಬುದನ್ನು ಗಮನಿಸಬೇಕು. ಊರಿಗೆ ಹೊಸಬನಾಗಿ ಬಂದವನಿಗೆ ಊರಿನ ನೆತ್ತಿಗಿಂತ ಮೊದಲು ಅದರ ಬೀದಿ ಕಾಣುತ್ತದೆ.

ಸ್ಕೈಲೈನನ್ನೇ ಚಿತ್ರಿಸುತ್ತೇವೆ ಎನ್ನುವವರಿಗೂ ಕೆಲಸವಿದೆ. ಒಂದೇ ಜಾಗದಲ್ಲಿ ನಿಂತು ವರ್ಷವರ್ಷವೂ ಚಿತ್ರ ತೆಗೆಯಿರಿ. ತಾರೀಖು ಬರೆಯಿರಿ. ಹೊಸದಾಗಿ ಎದ್ದ ಗೋಪುರದ ಎತ್ತರ ಬರೆಯುವಾಗ ಅಲ್ಲಿ ಮೊದಲು ಏನಿತ್ತು, ಯಾರಿದ್ದರು, ಅವರು ಎಲ್ಲಿಗೆ ಹೋದರು ಎಂದು ಅದರ ಕೆಳಗೇ ಬರೆಯಿರಿ. ವಾಸ್ತುಶಿಲ್ಪಿಯ ಹೆಸರಿನ ಜೊತೆ ಕಟ್ಟುವಾಗ ಸತ್ತವರ ಸಂಖ್ಯೆಯೂ ಇರಲಿ. ಮಾಂಟ್ರಿಯಲ್ಲಿನ ಪುರಸಭೆ ಕೆಡವಲೆಂದು ತೆಗೆಸಿದ ಚಿತ್ರಗಳೇ ಕೊನೆಗೆ ಕೆಡವಿದವರ ವಿರುದ್ಧ ಸಾಕ್ಷಿ ನುಡಿದವು. ಪ್ರೀತಿಯಿಂದ ತೆಗೆದ ಚಿತ್ರಗಳು ಅದಕ್ಕಿಂತ ಕಡಿಮೆ ಮಾಡಬಾರದು.

ಟೊರೊಂಟೊ, ಬ್ರಾಂಪ್ಟನ್, ಕ್ಯಾಲ್ಗರಿ, ವ್ಯಾಂಕೂವರಿನಲ್ಲಿರುವ ನಮ್ಮ ಕನ್ನಡದ ಮಕ್ಕಳಲ್ಲಿ ಒಂದು ಕೋರಿಕೆ. ಸರೋವರದ ದಡದ ಚಿತ್ರವನ್ನು ಕಳಿಸಿ, ಬೇಡವೆನ್ನುವುದಿಲ್ಲ. ಅದರ ಜೊತೆ ನೀವು ಮಲಗುವ ಕೋಣೆಯ ಚಿತ್ರವನ್ನೂ ಕಳಿಸಿ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ನಿಲ್ದಾಣ, ಜೊತೆಗೆ ಕೆಲಸ ಮಾಡುವ ಫಿಲಿಪಿನೊ ಅಕ್ಕ, ಬೇಸ್‌ಮೆಂಟಿನ ಬಾಡಿಗೆ ಚೀಟಿ, ಶುಕ್ರವಾರದ ನಮಾಝಿಗೆ ಸೇರುವ ಬಾಡಿಗೆ ಸಭಾಂಗಣ, ಇವುಗಳ ಚಿತ್ರವನ್ನೂ ಕಳಿಸಿ. ಹೆತ್ತವರು ಒಂದು ದಿನ ಅಳಬಹುದು. ಮುಂದಿನ ವರ್ಷ ಹೊರಡಲಿರುವ ಪಕ್ಕದ ಮನೆಯ ಹುಡುಗಿಗೆ ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಆಗ ಗೊತ್ತಿರುತ್ತದೆ.